ಮಗುವಿಗೆ ಸಣ್ಣ ಆಪರೇಷನ್ನಾ? ‘ಏನೂ ಆಗಲ್ಲ’ ಅನ್ನೋ ಮೊದಲು ಇದನ್ನ ಕೇಳಿ

ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ



ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಂದು ಮಾತು ದಿನಾ ಓಡಾಡ್ತಾ ಇರುತ್ತೆ. ಮಗು ಊಟ ಮಾಡ್ಲಿಲ್ಲ ಅಂದ್ರೆ, ಹಟ ಹಿಡಿದ್ರೆ, ‘ತಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ’ ಅಂತೀವಿ. ಹಳೇ ಗುಮ್ಮನಿಗೆ ಬಿಳಿ ಕೋಟು ಹಾಕಿಸಿ ಕೂರಿಸಿದ್ದೀವಿ ಅಷ್ಟೇ. ಹೀಗೆ ನಾಲ್ಕೈದು ವರ್ಷ ಹೆದರಿಸಿದ ಮೇಲೆ ಒಂದು ದಿನ ಇಎನ್‌ಟಿ ಡಾಕ್ಟರು, ‘ಟಾನ್ಸಿಲ್ ತೆಗೆಸಬೇಕಾಗುತ್ತೆ, ಸಣ್ಣ ಆಪರೇಷನ್ನು’ ಅಂತಾರೆ. ಆಗ ಅದೇ ಮಗುವಿಗೆ ನಾವು, ‘ಏನೂ ಆಗಲ್ಲ ಪುಟ್ಟ, ಡಾಕ್ಟರ್ ಅಂಕಲ್ ತುಂಬಾ ಒಳ್ಳೆಯವರು’ ಅಂತೀವಿ. ಪಾಪ, ಮಗು ಯಾವ ಮಾತನ್ನ ನಂಬಬೇಕು?

ಇವತ್ತಿನ ವಿಷಯ ಅದೇ. ಸಣ್ಣ ಶಸ್ತ್ರಚಿಕಿತ್ಸೆಗೆ ಹೋಗೋ ಮಗುವಿನ ಭಯವನ್ನ ಕಡಿಮೆ ಮಾಡೋದು ಹೇಗೆ, ಮತ್ತು ಅದು ಯಾಕೆ ಅಷ್ಟು ಮುಖ್ಯ. ನಿಮಗಿನ್ನೂ ಮದುವೆ ಆಗಿಲ್ಲ, ಮಕ್ಕಳಿಲ್ಲ ಅಂದ್ರೂ ಕೇಳಿ. ಅಕ್ಕನ ಮಗನ ಜೊತೆ, ಅಣ್ಣನ ಮಗಳ ಜೊತೆ ಆಸ್ಪತ್ರೆಗೆ ಓಡೋರು ನೀವೇ. ‘ಗೂಗಲ್‌ನಲ್ಲಿ ಸ್ವಲ್ಪ ನೋಡು’ ಅಂತ ಮನೆಯವರು ಫೋನ್ ಕೊಡೋದೂ ನಿಮಗೇ. ಒಂದು ಮಾತು ಮೊದಲೇ ಹೇಳ್ತೀನಿ: ಆಪರೇಷನ್ ಬೇಕಾ ಬೇಡವಾ, ಯಾವ ಔಷಧಿ, ಎಷ್ಟು ಅನ್ನೋದೆಲ್ಲ ನಿಮ್ಮ ಡಾಕ್ಟರ ತೀರ್ಮಾನ. ನಾವು ಮಾತಾಡೋದು ಮಗುವಿನ ಮನಸ್ಸಿನ ತಯಾರಿ ಬಗ್ಗೆ.

‘ಸಣ್ಣ’ ಆಪರೇಷನ್, ಯಾರಿಗೆ?

ಮಕ್ಕಳಲ್ಲಿ ಸಾಮಾನ್ಯವಾಗಿ ನಡೆಯೋ ಸಣ್ಣ ಆಪರೇಷನ್‌ಗಳು ಯಾವುವು ಅಂದ್ರೆ, ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆಯೋದು, ಹರ್ನಿಯಾ, ಗಂಡು ಮಕ್ಕಳ ಮುಂದೊಗಲಿನ ಶಸ್ತ್ರಚಿಕಿತ್ಸೆ, ಚರ್ಮದ ಕೆಳಗಿನ ಸಣ್ಣ ಗಂಟು ತೆಗೆಯೋದು, ಬಿದ್ದು ಗಾಯ ಆದಾಗ ಹೊಲಿಗೆ ಹಾಕೋದು. ಹೆಚ್ಚಿನವು ಒಂದು ಗಂಟೆಯ ಒಳಗೆ ಮುಗೀತವೆ. ಎಷ್ಟೋ ಮಕ್ಕಳು ಅವತ್ತೇ ಸಂಜೆ ಅಥವಾ ಮಾರನೇ ದಿನ ಮನೆಗೆ ಬರ್ತಾರೆ.

ಸಣ್ಣದು ಅನ್ನೋದು ಸರ್ಜನ್ ಹಾಕೋ ಲೆಕ್ಕ. ಮಗುವಿನ ಲೆಕ್ಕ ಬೇರೆ. ಬೆಳಿಗ್ಗೆ ಎದ್ದಾಗಿಂದ ಯಾರೂ ತಿಂಡಿ ಕೊಟ್ಟಿಲ್ಲ. ತನ್ನ ಬಟ್ಟೆ ಬಿಚ್ಚಿಸಿ ಹಿಂದೆ ಕಟ್ಟೋ ಗೌನ್ ಹಾಕಿದ್ದಾರೆ. ಸುತ್ತ ಇರೋರ ಮುಖ ಕಾಣಲ್ಲ, ಮಾಸ್ಕ್ ಮೇಲೆ ಕಣ್ಣು ಮಾತ್ರ. ಅಮ್ಮ ಬಾಗಿಲ ಹತ್ರ ನಿಂತು ಸೆರಗಲ್ಲಿ ಕಣ್ಣು ಒರೆಸ್ಕೊಳ್ತಿದ್ದಾಳೆ. ಇನ್ಯಾರೋ ಎತ್ಕೊಂಡು ಒಳಗೆ ಹೋಗ್ತಿದ್ದಾರೆ. ಐದು ವರ್ಷದ ಜೀವಕ್ಕೆ ಇದರಲ್ಲಿ ಸಣ್ಣದು ಅನ್ನೋದು ಯಾವುದು ಹೇಳಿ?

ಭಯ ಹೆಚ್ಚಾದ್ರೆ ನೋವೂ ಹೆಚ್ಚು

‘ಮಕ್ಕಳು ಅಳ್ತಾವೆ, ಆಮೇಲೆ ಮರೀತಾವೆ’ ಅಂತ ಹಿರಿಯರು ಹೇಳ್ತಾರೆ. ಅಮೆರಿಕದಲ್ಲಿ ಅರಿವಳಿಕೆ ತಜ್ಞ ಝೀವ್ ಕೇನ್ ಮತ್ತವರ ತಂಡ ಇದನ್ನೇ ವರ್ಷಗಟ್ಟಲೆ ಪರೀಕ್ಷೆ ಮಾಡ್ತು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಟಾನ್ಸಿಲ್, ಅಡಿನಾಯ್ಡ್ ಆಪರೇಷನ್ ಆದ 5ರಿಂದ 12 ವರ್ಷದ 241 ಮಕ್ಕಳಿದ್ರು. ಆಪರೇಷನ್‌ಗೆ ಮೊದಲು ತುಂಬಾ ಹೆದರಿದ್ದ ಮಕ್ಕಳಿಗೆ ಆಮೇಲೆ ನೋವು ಜಾಸ್ತಿ ಇತ್ತು, ಮನೆಗೆ ಬಂದ ಮೇಲೂ ನೋವಿನ ಔಷಧಿ ಹೆಚ್ಚು ಬೇಕಾಯ್ತು, ನಿದ್ದೆ ಕೆಟ್ಟಿತು. ಎಚ್ಚರ ಆಗುವಾಗ ಗೊಂದಲಕ್ಕೆ ಬಿದ್ದು ಕಿರುಚಾಡೋ ಸ್ಥಿತಿ ಇದೆಯಲ್ಲ, ಅದು ಹೆದರದ ಮಕ್ಕಳಲ್ಲಿ ನೂರಕ್ಕೆ ಒಂದೂವರೆ, ಹೆದರಿದ ಮಕ್ಕಳಲ್ಲಿ ಹತ್ತರ ಹತ್ತಿರ.

ಅದೇ ತಜ್ಞರ 1996ರ ಇನ್ನೊಂದು ಅಧ್ಯಯನದಲ್ಲಿ, ಆಪರೇಷನ್ ಆಗಿ 2 ವಾರದ ನಂತರವೂ ಅರ್ಧಕ್ಕಿಂತ ಹೆಚ್ಚು ಮಕ್ಕಳ ನಡವಳಿಕೆಯಲ್ಲಿ ಏನಾದ್ರೂ ಏರುಪೇರು ಕಂಡಿತ್ತು. ಕೆಟ್ಟ ಕನಸು, ಅಮ್ಮನನ್ನ ಬಿಟ್ಟಿರದೇ ಇರೋದು, ಮತ್ತೆ ಹಾಸಿಗೆ ಒದ್ದೆ ಮಾಡೋದು, ಇಂಥವು. ಐದರಲ್ಲಿ ಒಂದು ಮಗುವಿಗೆ ಅದು 6 ತಿಂಗಳಾದ್ರೂ ಹೋಗಿರಲಿಲ್ಲ.

ಅಂದ್ರೆ ಭಯ ಕಡಿಮೆ ಮಾಡೋದು ಮುದ್ದಿನ ವಿಷಯ ಅಂತ ಬದಿಗಿಡೋ ಹಾಗಿಲ್ಲ. ಅದೂ ಚಿಕಿತ್ಸೆಯ ಭಾಗ.

ಎಂಟು ದಿನ, ಒಂದು ಕ್ಯಾಮೆರಾ

ಇಲ್ಲಿ ಒಂದು ಹಳೇ ಕಥೆ ಹೇಳ್ಲೇಬೇಕು. 1950ರ ಸುಮಾರಿಗೆ ಇಂಗ್ಲೆಂಡ್‌ನ ಆಸ್ಪತ್ರೆಗಳಲ್ಲಿ ಮಗುವನ್ನ ಅಡ್ಮಿಟ್ ಮಾಡಿದ್ರೆ ಅಪ್ಪ ಅಮ್ಮ ಹೊರಗೆ. ನೋಡೋಕೆ ಬಿಡೋದು ಲೆಕ್ಕದ ಹೊತ್ತು ಮಾತ್ರ. ತಾಯಿ ಬಂದು ಹೋದ್ರೆ ಮಗು ಅಳುತ್ತೆ, ಬರದಿದ್ರೆ ಸುಮ್ಮನಿರುತ್ತೆ, ಹಾಗಾಗಿ ಬರದಿರೋದೇ ಒಳ್ಳೇದು ಅನ್ನೋದು ಅವರ ವಾದ.

ಲಂಡನ್‌ನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿದ್ದ ಜೇಮ್ಸ್ ರಾಬರ್ಟ್‌ಸನ್ ಅವರಿಗೆ ಆ ಮೌನ ಸರಿ ಕಾಣಲಿಲ್ಲ. ಹೊಕ್ಕುಳಿನ ಹರ್ನಿಯಾ ಆಪರೇಷನ್‌ಗೆ ಬಂದ ಎರಡು ವರ್ಷದ ಒಬ್ಬ ಹುಡುಗಿಯನ್ನ ಅವರು ಎಂಟು ದಿನ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ್ರು. 1952ರಲ್ಲಿ ಅದು ಸಿನಿಮಾ ಆಗಿ ಹೊರಬಂತು. ಆ ಹುಡುಗಿ ರಂಪ ಮಾಡಲ್ಲ. ಹೆಚ್ಚು ಹೊತ್ತು ಸುಮ್ಮನೇ ಇರ್ತಾಳೆ, ನಡುನಡುವೆ ಅಮ್ಮ ಬೇಕು ಅಂತಾಳೆ. ಕೊನೆಗೆ ಮನೆಗೆ ಹೊರಟಾಗ ತಾಯಿಯ ಕೈ ಹಿಡಿಯಲ್ಲ. ಆಪರೇಷನ್ ಸಣ್ಣದೇ, ಚೆನ್ನಾಗೇ ಆಗಿತ್ತು. ಪೆಟ್ಟು ಬಿದ್ದಿದ್ದು ನಂಬಿಕೆಗೆ. ಮೊದಮೊದಲು ಎಷ್ಟೋ ಡಾಕ್ಟರು, ನರ್ಸ್‌ಗಳು ಈ ಸಿನಿಮಾ ನೋಡಿ ಸಿಟ್ಟಾದ್ರು. ಆದ್ರೆ 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯ ಪ್ಲ್ಯಾಟ್ ವರದಿ, ಮಕ್ಕಳ ವಾರ್ಡ್‌ಗಳಲ್ಲಿ ಹೆತ್ತವರು ಯಾವಾಗ ಬೇಕಾದ್ರೂ ಬರೋಕೆ ಬಿಡಬೇಕು ಅಂತ ಶಿಫಾರಸು ಮಾಡ್ತು.

ನಮ್ಮ ಕಡೆ ಮಗುವಿನ ಮಂಚದ ಪಕ್ಕ ಅಮ್ಮನೋ ಅಜ್ಜಿಯೋ ಚಾಪೆ ಹಾಸ್ಕೊಂಡು ಮಲಗೋದು ಮಾಮೂಲಿ. ಫ್ಲಾಸ್ಕ್, ಬ್ರೆಡ್ಡು, ಬೆಡ್‌ಶೀಟ್ ಸಮೇತ ಇಡೀ ಕುಟುಂಬ ಹಾಜರ್. ಈ ಒಂದು ವಿಷಯದಲ್ಲಿ ನಮಗೆ ಅನುಕೂಲ ಇದೆ. ಹತ್ತಿರ ಇರ್ತೀವಿ. ನಾವು ಎಡವೋದು ನಿಜ ಹೇಳೋದ್ರಲ್ಲಿ.

ಯಾವ ವಯಸ್ಸಿಗೆ ಯಾವ ಭಯ

ಎಲ್ಲ ಮಕ್ಕಳೂ ಒಂದೇ ವಿಷಯಕ್ಕೆ ಹೆದರಲ್ಲ.

ಒಂದರಿಂದ ಮೂರು ವರ್ಷ: ಇವರಿಗೆ ಆಪರೇಷನ್ ಅಂದ್ರೇನು ಅಂತಾನೇ ಗೊತ್ತಿಲ್ಲ. ಭಯ ಒಂದೇ, ಅಮ್ಮ ಅಪ್ಪ ಕಣ್ಣಿಗೆ ಕಾಣದೇ ಹೋಗೋದು. ಇವರಿಗೆ ಉದ್ದ ವಿವರಣೆ ಬೇಡ. ಹಿಂದಿನ ದಿನ ಎರಡು ಮಾತು ಸಾಕು. ಪರಿಚಿತ ಬೊಂಬೆ, ದಿನಾ ಹೊದೆಯೋ ಹಳೇ ದುಪ್ಪಟಿ, ಮನೆಯವರ ದನಿ, ಇಷ್ಟೇ ಆಧಾರ.

ನಾಲ್ಕರಿಂದ ಆರು ವರ್ಷ: ಇದು ಕಲ್ಪನೆ ರೆಕ್ಕೆ ಬಿಚ್ಚೋ ವಯಸ್ಸು. ‘ನಾನು ಐಸ್‌ಕ್ರೀಂ ಕದ್ದು ತಿಂದೆ, ಅದಕ್ಕೇ ಗಂಟಲು ಕುಯ್ತಾರೆ’ ಅಂತ ಮಗು ತಾನೇ ಲೆಕ್ಕ ಹಾಕ್ಕೊಂಡಿರುತ್ತೆ. ನಾವು ಕೋಪದಲ್ಲಿ ಹೇಳಿದ ಮಾತು ಅದಕ್ಕೆ ಸಾಕ್ಷಿ. ಇವರಿಗೆ ಬಾಯಿಬಿಟ್ಟು ಹೇಳಬೇಕು: ‘ಇದು ನಿನ್ನ ತಪ್ಪಿಗೆ ಶಿಕ್ಷೆ ಅಲ್ಲ. ನೀನೇನೂ ಮಾಡಿಲ್ಲ.’

ಏಳರಿಂದ ಹನ್ನೆರಡು: ನೋವು ಎಷ್ಟು, ಸೂಜಿ ಎಲ್ಲಿ, ಮಧ್ಯದಲ್ಲಿ ಎಚ್ಚರ ಆದ್ರೆ ಏನು, ಏಳದೇ ಇದ್ರೆ ಏನು. ಪ್ರಶ್ನೆಗಳು ಇರ್ತವೆ, ಕೇಳೋಕೆ ನಾಚಿಕೆ. ಇವರಿಗೆ ಐದಾರು ದಿನ ಮೊದಲೇ ಹೇಳಿದ್ರೆ ಯೋಚನೆ ಮಾಡಿ, ಕೇಳಿ, ಸಮಾಧಾನ ಆಗೋಕೆ ಸಮಯ ಸಿಗುತ್ತೆ.

ಹದಿಹರೆಯದವರು: ಮೈ ಯಾರು ನೋಡ್ತಾರೆ, ಸ್ನೇಹಿತರಿಗೆ ಗೊತ್ತಾದ್ರೆ ಏನು, ಎಚ್ಚರ ತಪ್ಪಿದಾಗ ಏನಾದ್ರೂ ಉಸುರಿಬಿಟ್ರೆ ಏನು. ಇವರ ಎದುರೇ ಡಾಕ್ಟರ ಹತ್ರ ಮಾತಾಡಿ, ಇವರಿಗೂ ಮಾತಾಡೋಕೆ ಬಿಡಿ. ದಯವಿಟ್ಟು ಅವರ ಫೋಟೋನ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ.

ಪದಗಳನ್ನ ನೋಡ್ಕೊಂಡು ಆರಿಸಿ

ಕನ್ನಡದಲ್ಲಿ ನಾವು ಅರಿವಳಿಕೆಗೆ ಸುಲಭವಾಗಿ ಬಳಸೋ ಮಾತು ‘ಪ್ರಜ್ಞೆ ತಪ್ಪಿಸ್ತಾರೆ’. ಮಗುವಿನ ಕಿವಿಗೆ ಅದು ಭಯಂಕರ. ‘ಕುಯ್ತಾರೆ’, ‘ಕತ್ತರಿಸ್ತಾರೆ’ ಅನ್ನೋವೂ ಹಾಗೇ. ಸರಿ, ‘ಮಲಗಿಸ್ತಾರೆ’ ಅನ್ನೋಣ ಅಂದ್ರೆ ಅಲ್ಲೂ ಒಂದು ತೊಡಕಿದೆ. ತಾತ ತೀರಿಕೊಂಡಾಗ ಅದೇ ಮಗುವಿಗೆ ‘ತಾತ ಮಲಗಿದ್ದಾರೆ’ ಅಂತ ಹೇಳಿರ್ತೀವಲ್ಲ? ಮತ್ತೆ, ಮಾಮೂಲಿ ನಿದ್ದೆ ಅಂದ್ಕೊಂಡ್ರೆ ಮಧ್ಯದಲ್ಲಿ ಎಚ್ಚರ ಆಗುತ್ತೆ ಅನ್ನೋ ಭಯ ಬೇರೆ.

ಅದಕ್ಕೆ ಎರಡನ್ನೂ ಬೇರೆ ಮಾಡಿ ಹೇಳಿ. ಒಂದು ಅಮ್ಮ–ಮಗಳ ಮಾತು ಹೀಗಿರಬಹುದು.

‘ಪುಟ್ಟಿ, ನಿಂಗೆ ರಾತ್ರಿ ಗೊರಕೆ ಬರುತ್ತಲ್ಲ, ಉಸಿರು ಕಟ್ಟಿದ ಹಾಗಾಗುತ್ತಲ್ಲ? ಗಂಟಲಲ್ಲಿ ಎರಡು ಉಂಡೆ ದಪ್ಪ ಆಗಿ ದಾರಿಗೆ ಅಡ್ಡ ಬಂದಿವೆ. ಶುಕ್ರವಾರ ಡಾಕ್ಟರು ಅದನ್ನ ತೆಗೀತಾರೆ.’

‘ನೋವಾಗುತ್ತಾ ಅಮ್ಮ?’

‘ತೆಗೆಯೋವಾಗ ಒಂಚೂರೂ ಗೊತ್ತಾಗಲ್ಲ. ಒಬ್ಬರು ಡಾಕ್ಟರು ಅದಕ್ಕೇ ಅಂತ ಇರ್ತಾರೆ. ಅವರು ಔಷಧಿ ಕೊಟ್ಟು ಆಪರೇಷನ್ ನಿದ್ದೆ ಬರಿಸ್ತಾರೆ. ಅದು ನಮ್ಮ ರಾತ್ರಿ ನಿದ್ದೆ ಥರ ಅಲ್ಲ, ಮಧ್ಯದಲ್ಲಿ ಎಚ್ಚರ ಆಗದ ಹಾಗೆ ಅವರು ಪಕ್ಕದಲ್ಲೇ ಇದ್ದು ನೋಡ್ಕೊಳ್ತಾರೆ. ಮುಗಿದ ಮೇಲೆ ಅವರೇ ಔಷಧಿ ನಿಲ್ಲಿಸಿ ಎಬ್ಬಿಸ್ತಾರೆ. ಎದ್ದ ಮೇಲೆ ಗಂಟಲು ನೋಯುತ್ತೆ. ಅದಕ್ಕೆ ಔಷಧಿ ಇದೆ. ಕೆಲವು ದಿನ ಇರುತ್ತೆ, ಆಮೇಲೆ ಹೋಗುತ್ತೆ.’

‘ನೀನಿರ್ತೀಯಾ?’

‘ಬಾಗಿಲ ತನಕ ಬರ್ತೀನಿ. ಒಳಗೆ ಬಿಡ್ತಾರಾ ಕೇಳ್ತೀನಿ. ನೀನು ಎದ್ದ ಮೇಲೆ ನಾನು ಬರ್ತೀನಿ.’

ನೋಡಿ, ಇದರಲ್ಲಿ ಸುಳ್ಳು ಒಂದೂ ಇಲ್ಲ. ‘ನೋವೇ ಆಗಲ್ಲ’ ಅಂತ ಹೇಳಿಲ್ಲ. ‘ಪೇಟೆಗೆ ಹೋಗಿ ಬರೋಣ ಬಾ’ ಅಂತ ಏಮಾರಿಸಿಲ್ಲ. ಏಮಾರಿಸಿ ಕರ್ಕೊಂಡು ಹೋದ್ರೆ ಅವತ್ತಿನ ಅರ್ಧ ಗಂಟೆ ಶಾಂತಿ ಸಿಗಬಹುದು. ಮುಂದಿನ ಸಲ ಲಸಿಕೆಗೆ, ಹಲ್ಲಿನ ಡಾಕ್ಟರ ಹತ್ರ, ಅಷ್ಟೇ ಯಾಕೆ, ನಿಜವಾಗಲೂ ಪೇಟೆಗೆ ಹೊರಟಾಗಲೂ ಮಗು ನಿಮ್ಮ ಮುಖವನ್ನ ಅನುಮಾನದಿಂದ ನೋಡುತ್ತೆ.

ಇನ್ನೊಂದು ವಿಷಯ. ಬೇರೆ ಜಿಲ್ಲೆಯಿಂದ ಬೆಂಗಳೂರಿನಂಥ ಊರಿನ ದೊಡ್ಡ ಆಸ್ಪತ್ರೆಗೆ ಬಂದಾಗ ಅಲ್ಲಿನ ಸಿಬ್ಬಂದಿ ಕೆಲವು ಸಲ ಹಿಂದಿ, ಇಂಗ್ಲಿಷ್, ಮಲಯಾಳಂ ಮಾತಾಡ್ತಾರೆ. ನಿಮ್ಮ ಮಗು ಉಚ್ಚೆಗೆ, ನೀರಿಗೆ, ನೋವಿಗೆ ಯಾವ ಪದ ಬಳಸುತ್ತೆ ಅಂತ ನರ್ಸ್‌ಗೆ ಮೊದಲೇ ಹೇಳಿಡಿ. ಕನ್ನಡ ಬರೋ ಒಬ್ಬರು ಮಗುವಿನ ಹತ್ರ ಇರೋ ಹಾಗೆ ಕೇಳಿಕೊಳ್ಳಿ. ಎಚ್ಚರ ಆದಾಗ ‘ಅವ್ವಾ’ ಅಂದ್ರೆ ಯಾರಿಗಾದ್ರೂ ಅರ್ಥ ಆಗಬೇಕಲ್ಲ.

ಮನೆಯಲ್ಲೇ ಒಂದು ಆಪರೇಷನ್ ಥಿಯೇಟರ್

ಕೆಲವು ಆಸ್ಪತ್ರೆಗಳಲ್ಲಿ ಆಟದ ಕೋಣೆ, ಮಕ್ಕಳನ್ನ ತಯಾರು ಮಾಡೋಕೆ ಅಂತಾನೇ ಸಿಬ್ಬಂದಿ ಇರ್ತಾರೆ. ವಿದೇಶದ ಕೆಲವು ಕಡೆ ಮಕ್ಕಳು ಆಟಿಕೆ ಕಾರು ಓಡಿಸ್ಕೊಂಡೇ ಥಿಯೇಟರ್‌ಗೆ ಹೋಗ್ತಾರೆ. ಇದ್ಯಾವುದೂ ಇಲ್ಲದಿದ್ರೆ ಬೇಜಾರು ಬೇಡ. ಆಟ ಆಡೋಕೆ ಮನೆಯ ಸಾಮಾನೇ ಸಾಕು.

ಬೊಂಬೆಗೆ ಟಾನ್ಸಿಲ್ ಆಗಿದೆ ಅನ್ಕೊಳ್ಳಿ. ಮಗುವೇ ಡಾಕ್ಟರು. ಪೇಪರ್ ಕಪ್ ಒಂದನ್ನ ಮೂಗು ಬಾಯಿ ಮುಚ್ಚೋ ಹಾಗೆ ಬೊಂಬೆಗೆ ಇಟ್ಟು, ‘ಬಲೂನ್ ಊದು ನೋಡೋಣ, ಒಂದು, ಎರಡು, ಮೂರು...’ ಮಾಡಿಸಿ. ಆಮೇಲೆ ಮಗು ತಾನೂ ಇಟ್ಕೊಂಡು ಊದಲಿ. ನಿಜವಾದ ಮಾಸ್ಕ್‌ನಿಂದ ಬರೋ ಗಾಳಿಗೆ ಒಂಥರಾ ವಾಸನೆ ಇರುತ್ತೆ, ಸ್ಕೆಚ್ ಪೆನ್ನಿನ ವಾಸನೆ ಥರ ಅಂತ ಈಗಲೇ ಹೇಳಿಡಿ. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಬೀರುವಿನಲ್ಲಿ ಇನ್ನೂ ಇದ್ರೆ ತೆಗೀರಿ, ಬೆರಳಿಗೆ ಹಾಕಿ ಕೆಂಪು ಲೈಟ್ ತೋರಿಸಿ. ಬಿಪಿ ಪಟ್ಟಿ ಅಂದ್ರೆ ತೋಳನ್ನ ಬಿಗಿಯಾಗಿ ಅಪ್ಪಿಕೊಂಡು ಬಿಡೋದು ಅಂತ ಕೈಯಿಂದ ಹಿಸುಕಿ ತೋರಿಸಿ. ಅಪ್ಪ ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಒಮ್ಮೆ ಬರಲಿ. ಮುಖ ಮುಚ್ಚಿದ್ರೂ ಒಳಗಿರೋದು ಮನುಷ್ಯರೇ ಅಂತ ಮಗುವಿಗೆ ಗೊತ್ತಾಗಲಿ.

ಎಲ್ಲದಕ್ಕೂ ಮಗುವಿಗೆ ಆಯ್ಕೆ ಇರಲ್ಲ. ‘ಆಪರೇಷನ್ ಮಾಡಿಸ್ಕೊಳ್ತೀಯಾ?’ ಅಂತ ಕೇಳಬೇಡಿ, ಬೇಡ ಅಂದ್ರೆ ಏನ್ಮಾಡ್ತೀರಿ? ನಿಜವಾಗಲೂ ಕೊಡಬಹುದಾದ ಆಯ್ಕೆ ಕೊಡಿ. ಯಾವ ಬೊಂಬೆ ತಗೊಂಡು ಹೋಗೋಣ? ನಡ್ಕೊಂಡು ಹೋಗ್ತೀಯಾ, ಎತ್ಕೊಳ್ಳಲಾ?

ಸಮಾಧಾನದ ಮಾತೇ ಯಾಕೆ ಕೈ ಕೊಡುತ್ತೆ

ಇದು ನಿಮಗೆ ವಿಚಿತ್ರ ಅನ್ನಿಸಬಹುದು. ‘ಏನೂ ಆಗಲ್ಲ, ಏನೂ ಆಗಲ್ಲ, ಹೆದರಬೇಡ’ ಅಂತ ಪದೇ ಪದೇ ಹೇಳಿದಷ್ಟೂ ಮಕ್ಕಳ ಹೆದರಿಕೆ ಹೆಚ್ಚೋದನ್ನ ಸಂಶೋಧಕರು ಗಮನಿಸಿದ್ದಾರೆ. ಯೋಚನೆ ಮಾಡಿ, ನಾವು ಈ ಮಾತು ಹೇಳೋದು ಯಾವಾಗ? ಏನೋ ಆಗೋವಾಗ. ಮಗುವಿಗೆ ಆ ಪಾಠ ಚೆನ್ನಾಗಿ ಗೊತ್ತು. ಜೊತೆಗೆ ನಮ್ಮ ದನಿ ನಡುಗ್ತಿರುತ್ತೆ.

ಕೇನ್ ತಂಡ 2007ರಲ್ಲಿ 2ರಿಂದ 10 ವರ್ಷದ 408 ಮಕ್ಕಳ ಮೇಲೆ ಒಂದು ತಯಾರಿ ಕ್ರಮವನ್ನ ಪರೀಕ್ಷಿಸ್ತು. ಮೊದಲೇ ವಿಡಿಯೋ ತೋರಿಸೋದು, ಮಾಸ್ಕ್ ಅನ್ನ ಮನೆಗೆ ಕೊಟ್ಟು ಆಟ ಆಡಿಸೋದು, ಗಮನ ಬೇರೆ ಕಡೆ ಸೆಳೆಯೋದು, ಹೆತ್ತವರಿಗೆ ತರಬೇತಿ ಕೊಡೋದು. ಅದರಲ್ಲಿ ಒಂದು ಅಂಶವೇ ‘ಅತಿಯಾಗಿ ಸಮಾಧಾನ ಹೇಳಬೇಡಿ’ ಅನ್ನೋದು. ಮಾಸ್ಕ್ ಹಾಕೋ ಹೊತ್ತಿನಲ್ಲಿ ಈ ಮಕ್ಕಳು, ಭಯ ಕಡಿಮೆ ಮಾಡೋ ಔಷಧಿ ಕುಡಿದ ಮಕ್ಕಳಷ್ಟೇ ಸಮಾಧಾನವಾಗಿದ್ರು. ಆಪರೇಷನ್ ನಂತರ ನೋವಿನ ಔಷಧಿ ಕಡಿಮೆ ಸಾಕಾಯ್ತು, ಮನೆಗೂ ಬೇಗ ಹೋದ್ರು.

ಹಾಗಾದ್ರೆ ಏನು ಹೇಳೋದು? ಮಗುವಿನ ಭಯವನ್ನ ಒಪ್ಪಿಕೊಳ್ಳಿ, ಆಮೇಲೆ ಒಂದು ಕೆಲಸ ಕೊಡಿ. ‘ಭಯ ಆಗ್ತಿದೆ ಅಲ್ವಾ? ಆಗುತ್ತೆ. ನನ್ನ ಕೈ ಗಟ್ಟಿಯಾಗಿ ಹಿಡ್ಕೊ. ಈಗ ಇಬ್ಬರೂ ಪಾಯಸ ಆರಿಸೋ ಹಾಗೆ ಊದೋಣ. ಉಫ್... ಉಫ್...’ ಇಷ್ಟೇ. ಮಗು ‘ನನಗೆ ಏನೋ ಮಾಡ್ತಿದ್ದಾರೆ’ ಅನ್ನೋದರಿಂದ ‘ನಾನೂ ಏನೋ ಮಾಡ್ತಿದ್ದೀನಿ’ ಅನ್ನೋ ಕಡೆಗೆ ಬರುತ್ತೆ.

‘ಗಂಡು ಮಗ ಅಳಬಾರದು’, ‘ನೋಡು, ಆ ಪಾಪು ಎಷ್ಟು ಜಾಣ’ ಅನ್ನೋವನ್ನ ಬಿಟ್ಟುಬಿಡಿ. ಅಳೋದು ತಪ್ಪಲ್ಲ. ಇನ್ನು, ಮನೆಯ ಹಿರಿಯರಿಗೆ ಒಂದು ಕೆಲಸ ವಹಿಸಿ. ಅಜ್ಜಿ ವಿಡಿಯೋ ಕಾಲ್‌ನಲ್ಲಿ ‘ಅಯ್ಯೋ ನನ್ನ ಕಂದ’ ಅಂತ ಅತ್ತರೆ ಅರ್ಧ ಗಂಟೆಯ ನಿಮ್ಮ ಕಷ್ಟವೆಲ್ಲ ನೀರು ಪಾಲು. ಅಜ್ಜಿಗೆ ಒಂದು ಕಥೆ ಹೇಳೋಕೆ ಹೇಳಿ, ಅದನ್ನ ರೆಕಾರ್ಡ್ ಮಾಡ್ಕೊಂಡು ಹೋಗಿ.

ಫೋನ್ ಕೊಡಬಹುದಾ?

ಅವತ್ತು ಒಂದು ದಿನ ಧಾರಾಳವಾಗಿ ಕೊಡಿ. ಫ್ರಾನ್ಸ್‌ನ ಲಿಯಾನ್‌ನಲ್ಲಿ ಮಕ್ಕಳಲ್ಲಿ, ಆಪರೇಷನ್‌ಗೆ ಮೊದಲು ಕೆಲವರಿಗೆ ಭಯ ಇಳಿಸೋ ಮಿಡಜೋಲಾಮ್ ಔಷಧಿ, ಕೆಲವರಿಗೆ ಟ್ಯಾಬ್ಲೆಟ್‌ನಲ್ಲಿ ಆಟ ಕೊಟ್ಟು ನೋಡಿದ್ರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡೂ ಗುಂಪಿನ ಮಕ್ಕಳ ಭಯ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು.

ಸುಮ್ಮನೆ ನೋಡೋ ವಿಡಿಯೋಗಿಂತ ಬೆರಳಾಡಿಸೋ ಆಟದಲ್ಲಿ ಮಗು ಹೆಚ್ಚು ಮುಳುಗಿರುತ್ತೆ. ಆಸ್ಪತ್ರೆ ಒಳಗೆ ನೆಟ್‌ವರ್ಕ್ ಕೈ ಕೊಡುತ್ತೆ, ಹಾಗಾಗಿ ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಚಾರ್ಜ್ ಮಾಡಿ. ಫೋನನ್ನ ಥಿಯೇಟರ್ ಬಾಗಿಲ ತನಕ, ಸಾಧ್ಯ ಆದ್ರೆ ಒಳಗೂ ಬಿಡ್ತಾರಾ ಅಂತ ಅರಿವಳಿಕೆ ಡಾಕ್ಟರನ್ನ ಮೊದಲೇ ಕೇಳಿ. ಅಳು ಶುರುವಾದ ಮೇಲೆ ಫೋನ್ ಕೊಡೋದಕ್ಕಿಂತ, ಶುರುವಾಗೋ ಮೊದಲೇ ಕೊಡಿ.

ಮುಚ್ಚಿಡಬಾರದ ಎರಡು ವಿಷಯ

ಒಂದು, ಹೊಟ್ಟೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಅದಕ್ಕೆ ಸಾಮಾನ್ಯ ನಿಯಮ 6–4–2: ಊಟ, ತಿಂಡಿ, ಹಸುವಿನ ಹಾಲು 6 ಗಂಟೆ ಮೊದಲು ನಿಲ್ಲಿಸಬೇಕು, ಎದೆಹಾಲು 4 ಗಂಟೆ ಮೊದಲು, ಬರೀ ನೀರು 2 ಗಂಟೆ ಮೊದಲು. ಯುರೋಪಿನ 2022ರ ಮಾರ್ಗಸೂಚಿಯಲ್ಲಿ ನೀರಿಗೆ 1 ಗಂಟೆ ಸಾಕು ಅಂದಿದ್ದಾರೆ. ನಿಮಗೆ ನಿಮ್ಮ ಆಸ್ಪತ್ರೆ ಹೇಳಿದ್ದೇ ಅಂತಿಮ. ಆದ್ರೆ ‘ನೀರು ಎಷ್ಟು ಗಂಟೆ ತನಕ ಕೊಡಬಹುದು?’ ಅಂತ ಸ್ಪಷ್ಟವಾಗಿ ಕೇಳಿ. ರಾತ್ರಿ ಹತ್ತರಿಂದ ಮಧ್ಯಾಹ್ನದ ತನಕ ಸುಮ್ಮನೆ ಉಪವಾಸ ಕೆಡವಿದ್ರೆ ಹಸಿವು, ಸಿಟ್ಟು, ಭಯ ಮೂರೂ ಸೇರುತ್ತೆ. ಸಣ್ಣ ಮಕ್ಕಳನ್ನ ಪಟ್ಟಿಯಲ್ಲಿ ಮೊದಲು ತಗೊಳ್ಳೋಕೆ ಕೇಳಿಕೊಳ್ಳಬಹುದು. ಮಗು ಹಸಿವು ಅಂತ ಅತ್ತಾಗ ಯಾರೋ ಒಬ್ಬರು ಕದ್ದು ಬಿಸ್ಕೆಟ್ ಕೊಟ್ಟಿದ್ರೆ, ಬೈಗುಳ ತಿಂದ್ರೂ ಪರವಾಗಿಲ್ಲ, ಡಾಕ್ಟರಿಗೆ ಹೇಳಿ.

ಎರಡು, ನೆಗಡಿ, ಕೆಮ್ಮು, ಜ್ವರ. ‘ರಜೆ ಹಾಕಿದ್ದೀವಿ, ಮುಂದೆ ಹಾಕ್ತಾರೆ’ ಅಂತ ಮುಚ್ಚಿಡಬೇಡಿ. ನೆಗಡಿ ಇರೋ ಮಗುವಿಗೆ ಅರಿವಳಿಕೆ ಹೊತ್ತಲ್ಲಿ ಉಸಿರಾಟದ ತೊಂದರೆ ಆಗೋ ಸಾಧ್ಯತೆ ಹೆಚ್ಚು. ಅಲ್ಲಾಡೋ ಹಲ್ಲಿದ್ರೂ ಹೇಳಿ.

ಬಾಗಿಲ ಹತ್ರದ ಐದು ನಿಮಿಷ

ಇಡೀ ದಿನದಲ್ಲಿ ಭಯ ತುದಿ ಮುಟ್ಟೋದು ಎರಡು ಕಡೆ. ಅಮ್ಮನ ಕೈಯಿಂದ ಬಿಡಿಸ್ಕೊಳ್ಳುವಾಗ, ಮತ್ತೆ ಮಾಸ್ಕ್ ಅಥವಾ ಸೂಜಿ ಹಾಕುವಾಗ. ಇಲ್ಲಿ ಡಾಕ್ಟರ ಹತ್ರ ಕೇಳಬೇಕಾದ್ದು ಮೂರಿವೆ.

ಮೊದಲನೇದು, ಭಯ ಕಡಿಮೆ ಮಾಡೋ ಔಷಧಿ ಕೊಡ್ತೀರಾ? ಮಿಡಜೋಲಾಮ್‌ನಂಥ ಔಷಧಿಯನ್ನ ಬಾಯಿ ಮೂಲಕ ಅಥವಾ ಮೂಗಿಗೆ ಸ್ಪ್ರೇ ಮಾಡಿ ಕೊಡ್ತಾರೆ. ಅದು ಹಿಡಿಯೋಕೆ ಸ್ವಲ್ಪ ಹೊತ್ತು ಬೇಕು, ಬಾಗಿಲಿಗೆ ಬಂದ ಮೇಲೆ ಕೇಳಿದ್ರೆ ಆಗಲ್ಲ. ಇದು ಆಸ್ಪತ್ರೆಯಲ್ಲೇ ಕೊಡಬೇಕಾದ್ದು, ಮನೆಯಲ್ಲಿ ನಿದ್ದೆ ಸಿರಪ್ ಕುಡಿಸಿಕೊಂಡು ಬರೋ ಸಾಹಸ ಖಂಡಿತ ಬೇಡ.

ಎರಡನೇದು, ಸೂಜಿ ಚುಚ್ಚೋ ಜಾಗಕ್ಕೆ ಮರಗಟ್ಟಿಸೋ ಕ್ರೀಮ್ ಹಚ್ಚಬಹುದಾ? ಲಿಡೋಕೇನ್, ಪ್ರಿಲೋಕೇನ್ ಇರೋ ಈ ಕ್ರೀಮ್ ನಮ್ಮಲ್ಲೂ ಸಿಗುತ್ತೆ. ಸುಮಾರು ಒಂದು ಗಂಟೆ ಮೊದಲು ಹಚ್ಚಿ ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸ್ತಾರೆ. ಅದನ್ನೂ ಡಾಕ್ಟರು ಹೇಳಿದಷ್ಟೇ ಹಚ್ಚಬೇಕು.

ಮೂರನೇದು, ಮಗು ನಿದ್ದೆಗೆ ಜಾರೋ ತನಕ ಒಬ್ಬರು ಜೊತೆಗಿರಬಹುದಾ? ಕೆಲವು ಕಡೆ ಬಿಡ್ತಾರೆ, ಹೆಚ್ಚಿನ ಕಡೆ ಬಿಡಲ್ಲ. ಬಿಡದಿದ್ರೆ ತುಂಬಾ ಕೊರಗಬೇಡಿ. 2015ರಲ್ಲಿ ಈ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಕಾಕ್ರನ್ ವಿಮರ್ಶೆ, ಹೆತ್ತವರು ಒಳಗಿದ್ದ ಮಾತ್ರಕ್ಕೆ ಮಗುವಿನ ಭಯ ಕಡಿಮೆ ಆಗಲ್ಲ ಅಂತ ಕಂಡುಕೊಂಡಿತ್ತು. ಹೋಗೋದಾದ್ರೆ ಮನೆಯಲ್ಲಿ ಯಾರು ಗಟ್ಟಿ ಮನಸ್ಸಿನವರೋ ಅವರು ಹೋಗಲಿ. ಅಮ್ಮನೇ ಆಗಬೇಕು ಅಂತಿಲ್ಲ. ಅಪ್ಪ, ಚಿಕ್ಕಮ್ಮ, ಸೋದರಮಾವ ಯಾರಾದ್ರೂ ಸರಿ.

ಎಚ್ಚರ ಆದಾಗ, ಮನೆಗೆ ಬಂದಾಗ

ಇದನ್ನ ಮೊದಲೇ ತಿಳ್ಕೊಂಡಿರಿ: ಕೆಲವು ಮಕ್ಕಳು ಎಚ್ಚರ ಆಗುವಾಗ ಕಿರುಚ್ತಾರೆ, ಒದೀತಾರೆ, ಅಮ್ಮನನ್ನೇ ಗುರುತಿಸಲ್ಲ. ನೋಡೋಕೆ ಕಷ್ಟ. ಸಾಮಾನ್ಯವಾಗಿ ಅರ್ಧ ಗಂಟೆ ಆಸುಪಾಸಿನಲ್ಲಿ ಇಳಿಯುತ್ತೆ, ಮಗುವಿಗೆ ಅದರ ನೆನಪೂ ಇರಲ್ಲ. ಬೀಳದ ಹಾಗೆ ನೋಡ್ಕೊಂಡು, ಮೆತ್ತಗೆ ಹೆಸರು ಕರೀತಾ ಇರಿ. ನರ್ಸ್ ಪಕ್ಕದಲ್ಲೇ ಇರ್ತಾರೆ.

ಟಾನ್ಸಿಲ್ ಆದ ಮೇಲೆ ನೋವು ವಾರ, ಹತ್ತು ದಿನ ಇರಬಹುದು, ಕಿವಿಗೂ ಹರಡಬಹುದು. ಗಂಟಲಲ್ಲಿ ಬಿಳಿ ಪದರ ಕಟ್ಟೋದು ವಾಸಿಯಾಗೋ ಲಕ್ಷಣ. ನೋವಿನ ಔಷಧಿಯನ್ನ ಡಾಕ್ಟರು ಹೇಳಿದ ಹೊತ್ತಿಗೇ ಕೊಡಿ, ಅಳು ಬರಲಿ ಅಂತ ಕಾಯಬೇಡಿ. ನೀರು, ಎಳನೀರು, ತಣ್ಣಗಾದ ಗಂಜಿ, ಡಾಕ್ಟರು ಒಪ್ಪಿದ್ರೆ ಐಸ್‌ಕ್ರೀಂ, ಏನಾದ್ರೂ ಕುಡೀತಾ ಇರಬೇಕು. ಕೆಂಪು ರಕ್ತ ಉಗುಳಿದ್ರೆ, ನಿದ್ದೆಯಲ್ಲಿ ಪದೇ ಪದೇ ನುಂಗ್ತಿದ್ರೆ, ಏನೂ ಕುಡೀದೇ ಮೂತ್ರ ಕಡಿಮೆ ಆದ್ರೆ ಬೆಳಗಾಗಲಿ ಅಂತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ರಕ್ತ ಬರೋ ಅಪಾಯ ಮೊದಲ ದಿನ ಇರುತ್ತೆ, ಐದರಿಂದ ಹತ್ತನೇ ದಿನದ ನಡುವೆ ಇನ್ನೊಮ್ಮೆ ಇರುತ್ತೆ.

ಮನಸ್ಸಿನ ವಿಷಯಕ್ಕೆ ಬಂದ್ರೆ, ಒಂದೆರಡು ವಾರ ಮಗು ಅಂಟಿಕೊಂಡೇ ಇದ್ರೆ ಇರಲಿ ಬಿಡಿ. ಮತ್ತೆ ಬೊಂಬೆಗೆ ಆಪರೇಷನ್ ಮಾಡ್ತಿದ್ರೆ ಮಾಡಲಿ, ಆಗಿದ್ದನ್ನ ಅದು ಜೀರ್ಣ ಮಾಡ್ಕೊಳ್ತಿರೋದು ಹಾಗೆ. ತಿಂಗಳಾದ್ರೂ ಕೆಟ್ಟ ಕನಸು, ಶಾಲೆಗೆ ಹೋಗೋಕೆ ಭಯ ಇದ್ರೆ ಮಕ್ಕಳ ಡಾಕ್ಟರ ಹತ್ರ ಹೇಳಿ.

ತಯಾರಿಗೆ ಸಮಯವೇ ಇಲ್ಲದಿದ್ರೆ?

ಆಟ ಆಡುವಾಗ ಬಿದ್ದು ಹಣೆ ಒಡೆದಿದೆ, ಕ್ಯಾಶುಯಾಲಿಟಿಯಲ್ಲಿ ಹೊಲಿಗೆ ಹಾಕಬೇಕು. ಇಲ್ಲಿ ಐದು ದಿನದ ರಿಹರ್ಸಲ್ ಎಲ್ಲಿಂದ ಬರುತ್ತೆ? ನಾಲ್ಕು ಜನ ಕೈಕಾಲು ಅದುಮಿ ಮಲಗಿಸೋ ಮೊದಲು, ‘ನನ್ನ ತೊಡೆ ಮೇಲೆ ಎದೆಗವಚಿಕೊಂಡು ಕೂರಿಸ್ಕೊಳ್ಳಬಹುದಾ?’ ಅಂತ ಕೇಳಿ. ಎಷ್ಟೋ ಗಾಯಗಳಿಗೆ ಅದು ಸಾಧ್ಯ. ಕೆಲವು ಸಣ್ಣ ಗಾಯಗಳಿಗೆ ಹೊಲಿಗೆ ಬದಲು ಅಂಟು ಹಾಕೋಕೂ ಆಗುತ್ತೆ, ಕೇಳಿ ನೋಡಿ. ‘ಮೊದಲು ತಣ್ಣಗೆ ಒರೆಸ್ತಾರೆ, ಆಮೇಲೆ ಒಂದು ಇಂಜೆಕ್ಷನ್, ಅದು ಉರಿಯುತ್ತೆ, ಹತ್ತು ಎಣಿಸೋಣ. ಆಮೇಲೆ ಎಳೆದ ಹಾಗಾಗುತ್ತೆ, ಅಷ್ಟೇ’ ಅಂತ ಒಂದು ಹೆಜ್ಜೆ ಮುಂಚೆ ಹೇಳ್ತಾ ಹೋಗಿ. ಹಸುಗೂಸಿಗೆ ಲಸಿಕೆ ಹಾಕುವಾಗ ಎದೆಹಾಲು ಕುಡಿಸ್ತಾ ಇದ್ರೆ ನೋವು ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಇವತ್ತು ಹೇಳಿದ್ರಲ್ಲಿ ಹೆಚ್ಚಿನದಕ್ಕೆ ದುಡ್ಡು ಬೇಕಿಲ್ಲ. ಪೇಪರ್ ಕಪ್ಪು, ಒಂದು ಬೊಂಬೆ, ಚಾರ್ಜ್ ಆದ ಫೋನು, ಡಾಕ್ಟರಿಗೆ ಕೇಳೋ ನಾಲ್ಕು ಪ್ರಶ್ನೆ, ಮತ್ತೆ ಮಗುವಿಗೆ ಹೇಳೋ ನಿಜ. ಇವತ್ತಿಂದಲೇ ಶುರು ಮಾಡಬಹುದಾದ್ದು ಇನ್ನೂ ಸುಲಭ: ಊಟ ಮಾಡದ ಮಗುವಿಗೆ ‘ಸೂಜಿ ಚುಚ್ಚಿಸ್ತೀನಿ’ ಅನ್ನೋದನ್ನ ನಿಲ್ಲಿಸೋದು.

ನಿಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಯಾವುದಾದ್ರೂ ಮಗುವಿಗೆ ಆಪರೇಷನ್ ದಿನ ಗೊತ್ತಾಗಿದ್ರೆ ಈ ಸಂಚಿಕೆಯನ್ನ ಅವರಿಗೆ ಕಳಿಸಿ.